ಶಿಕಾರಿಪುರದಿಂದ ಸೊರಬಕ್ಕೆ, ಒಂದು ಅಲೆಯ ಬೆನ್ನು ಹತ್ತಿ

ಶಿವಮೊಗ್ಗ ಜಿಲ್ಲೆಯ ಪ್ರವಾಸ ಎಂದರೆ ಜನ ಮೊದಲು ಜೋಗದ ಹೆಸರು ಹೇಳುತ್ತಾರೆ, ಆಮೇಲೆ ಆಗುಂಬೆ. ಜಿಲ್ಲೆಯ ಉತ್ತರದ ಅಂಚಿನಲ್ಲಿ ಅಕ್ಕಪಕ್ಕ ಕುಳಿತಿರುವ ಶಿಕಾರಿಪುರ ಮತ್ತು ಸೊರಬ ನೆನಪಿಗೆ ಬರುವುದು ಕಡಿಮೆ. ಪೂರ್ತಿ ಮಲೆನಾಡೂ ಅಲ್ಲದ, ಪೂರ್ತಿ ಬಯಲುಸೀಮೆಯೂ ಅಲ್ಲದ ನಾಡು ಇದು. ಶಿಕಾರಿಪುರದ ಕಡೆ ಕುಮುದ್ವತಿ ಹರಿಯುತ್ತಾಳೆ, ಸೊರಬದ ಮಗ್ಗುಲಲ್ಲಿ ದಂಡಾವತಿ. ದಂಡಾವತಿ ಹೋಗಿ ವರದೆಯನ್ನು ಸೇರುತ್ತಾಳೆ. ವರದೆಯೂ ಕುಮುದ್ವತಿಯೂ ಕೊನೆಗೆ ತುಂಗಭದ್ರೆಯ ಪಾಲು. ನಡುವೆ ಗದ್ದೆ, ಅಡಿಕೆ ತೋಟ, ಶುಂಠಿ ಹೊಲ, ದಾರಿಯುದ್ದಕ್ಕೂ ಕೆರೆಗಳು. ಬ್ಯಾಂಕಿನ ಗುಮಾಸ್ತನಾಗಿ ಈ ಎರಡೂ ಊರುಗಳಲ್ಲಿ ಒಟ್ಟು ಹನ್ನೊಂದು ವರ್ಷ ಕೆಲಸ ಮಾಡಿದವನು ನಾನು. ಇಲ್ಲಿನ ರಸ್ತೆಯ ತಿರುವುಗಳು ನನಗೆ ಇಂದಿಗೂ ಬಾಯಿಪಾಠ.

ಕಳೆದ ಡಿಸೆಂಬರಿನಲ್ಲಿ ಆ ದಾರಿಯಲ್ಲಿ ಮತ್ತೆ ಒಂದು ದಿನ ಸುತ್ತಿದೆ. ಜೊತೆಗೆ ಇಬ್ಬರು ಮೊಮ್ಮಕ್ಕಳಿದ್ದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿರುವ ಮೊಮ್ಮಗಳು, ಐದನೇ ಕ್ಲಾಸಿನ ಅವಳ ತಮ್ಮ. ಹೋಗಲು ಒಂದು ಕಾರಣವೂ ಇತ್ತು. ಮೊಮ್ಮಗಳಿಗೆ ಓದು ಮುಗಿದ ಮೇಲೆ ಸಂಶೋಧನೆ ಮಾಡುವ ಆಸೆ. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ಅವಳು ಕೂಡಲೇ ಯಾವುದಾದರೂ ಕೆಲಸಕ್ಕೆ ಸೇರಲಿ ಎಂದು. "ಐದಾರು ವರ್ಷ ಓದಿದ ಮೇಲೂ ಮನೆಯವರಿಗೆ ಏನು ಅಂತ ತಿಳಿಸಿ ಹೇಳೋಕಾಗದ ವಿದ್ಯೆ ಯಾಕೆ ಬೇಕಪ್ಪ? ನೀವೇ ಅವಳಿಗೆ ಬುದ್ಧಿ ಹೇಳಿ" ಎಂದು ಹೊಣೆಯನ್ನು ನನ್ನ ಕೊರಳಿಗೆ ಕಟ್ಟಿದ್ದ.

ಅವಳನ್ನು ಕರೆದು ವಿಷಯದ ಹೆಸರು ಕೇಳಿದೆ. "ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಸಾಲಿಟಾನ್ ಮತ್ತು ಇನ್‌ಸ್ಟಾಂಟಾನ್, ಅಜ್ಜ" ಎಂದಳು. ನನ್ನದು ಬಿ.ಕಾಂ. ಸಾಲ ಗೊತ್ತು, ಸಾಲಿಟಾನ್ ಗೊತ್ತಿಲ್ಲ.

"ಏನು ಅಂತ ತಿಳಿಯದೆ ಬೇಡ ಅನ್ನೋದು ಹೇಗೆ ಪುಟ್ಟಿ? ಭಾನುವಾರ ನನ್ನ ಹಳೇ ಊರುಗಳನ್ನ ತೋರಿಸ್ತೀನಿ. ದಾರಿಯಲ್ಲಿ ನೀನು ನಿನ್ನ ಪಾಠ ಹೇಳು. ತಮ್ಮನಿಗೂ ತಿಳಿಯೋ ಹಾಗಿರಬೇಕು" ಎಂದೆ. ಒಪ್ಪಂದವಾಯಿತು.

ಕಾಲುವೆಯಲ್ಲಿ ಒಂಟಿ ಅಲೆ

ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಶಿಕಾರಿಪುರದಲ್ಲಿ ಇಳಿದೆವು. ಹುಚ್ಚರಾಯಸ್ವಾಮಿಗೆ ಕೈಮುಗಿದು, ಪಕ್ಕದ ಕೆರೆ ನೋಡಿಕೊಂಡು, ಬಿಸಿ ಮಿರ್ಚಿ ಜೊತೆ ಮಂಡಕ್ಕಿ ತಿಂದೆವು. ಅಲ್ಲಿಂದ ಆಟೋದಲ್ಲಿ ಅಂಜನಾಪುರದ ಕಡೆ. ಕುಮುದ್ವತಿಗೆ ಕಟ್ಟಿದ ಜಲಾಶಯ ಅಲ್ಲಿದೆ. ಅದರ ನೀರು ಕಾಲುವೆಗಳಲ್ಲಿ ಹರಿದು ಸುತ್ತಲಿನ ಗದ್ದೆಗಳಿಗೆ ಹೋಗುತ್ತದೆ. ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ಬರೀ ಕೂಳೆ ಉಳಿದಿತ್ತು. ಅಡಿಕೆ ಬೇಯಿಸುವ ಒಲೆಯ ಹೊಗೆ ತೋಟಗಳ ಮೇಲೆ ತೆಳ್ಳಗೆ ನಿಂತಿತ್ತು.

ನನಗೆ ಪರಿಚಯದ ರೈತರೊಬ್ಬರ ಗದ್ದೆಯ ಅಂಚಿಗೆ ಸಿಮೆಂಟಿನ ಕಿರುಗಾಲುವೆ ಇದೆ. ಎರಡಡಿ ಅಗಲ. ಮೇಲೆ ಗೇಟು ಮುಚ್ಚಿದ್ದರಿಂದ ಒಂದು ಗೇಣು ನೀರು ಹರಿಯದೆ ನಿಂತಿತ್ತು. ಮೊಮ್ಮಗಳು ಅವರನ್ನು ಕೇಳಿ ಒಂದು ಹಲಗೆ ತಂದಳು. ಕಾಲುವೆಗೆ ಅಡ್ಡವಾಗಿ ನೀರಿಗಿಳಿಸಿ, ಒಂದು ಮಾರಿನಷ್ಟು ಮುಂದಕ್ಕೆ ದಬ್ಬಿ, ತಟ್ಟನೆ ನಿಲ್ಲಿಸಿದಳು.

ಕೆರೆಗೆ ಕಲ್ಲೆಸೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಬಳೆ ಬಳೆಯಾಗಿ ಅಲೆಯೆದ್ದು, ಹರಡುತ್ತ ಹರಡುತ್ತ ಕರಗಿಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಹಲಗೆಯ ಮುಂದೆ ಗುಡ್ಡೆಯಾದ ನೀರು ಒಂದೇ ಒಂದು ಉಬ್ಬಾಗಿ, ಹಿಂದೆ ತಗ್ಗಿಲ್ಲದೆ, ಸದ್ದಿಲ್ಲದೆ ಮುಂದಕ್ಕೆ ಹೊರಟಿತು. ನಾನು ಅದರ ಜೊತೆ ನಡೆದೆ. ಎಪ್ಪತ್ತು ದಾಟಿದ ಕಾಲಿಗೆ ತಕ್ಕ ವೇಗವೇ ಅದು, ಸ್ವಲ್ಪ ಬಿರುಸಾಗಿ ನಡೆದರೆ ಸಾಕಿತ್ತು. ಮೂವತ್ತು ಹೆಜ್ಜೆ ಹೋದರೂ ಉಬ್ಬಿನ ಆಕಾರ ಹೆಚ್ಚು ಕೆಡಲಿಲ್ಲ.

"ಇದೇ ಅಜ್ಜ, ಸಾಲಿಟಾನಿನ ಮುತ್ತಜ್ಜ" ಎಂದಳು.

1834ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರ ಬಳಿಯ ಯೂನಿಯನ್ ಕಾಲುವೆಯ ದಡದಲ್ಲಿ ಜಾನ್ ಸ್ಕಾಟ್ ರಸೆಲ್ ಎಂಬ 26 ವರ್ಷದ ಎಂಜಿನಿಯರ್ ನಿಂತಿದ್ದ. ಎರಡು ಕುದುರೆಗಳು ಎಳೆಯುತ್ತಿದ್ದ ದೋಣಿ ಹಠಾತ್ತನೆ ನಿಂತಿತು. ದೋಣಿಯ ಮುಂದೆ ಗುಡ್ಡೆಯಾಗಿದ್ದ ನೀರು ನಿಲ್ಲಲಿಲ್ಲ. 30 ಅಡಿ ಉದ್ದ, ಒಂದು ಒಂದೂವರೆ ಅಡಿ ಎತ್ತರದ ಉಬ್ಬಾಗಿ ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ ಹೊರಟೇಹೋಯಿತು. ರಸೆಲ್ ಕುದುರೆ ಏರಿ ಅದರ ಬೆನ್ನು ಹತ್ತಿದ. ಮೈಲಿ ಎರಡು ಮೈಲಿ ಹೋದ ಮೇಲೆ, ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು. ಆಮೇಲೆ ಅವನು ಮನೆಯಲ್ಲೇ ತೊಟ್ಟಿ ಕಟ್ಟಿ ಆ ಅಲೆಯನ್ನು ಮತ್ತೆ ಮತ್ತೆ ಎಬ್ಬಿಸಿ ಅಳೆದ. ಆ ಕಾಲದ ದೊಡ್ಡ ಗಣಿತಜ್ಞರು ಸುಲಭಕ್ಕೆ ಒಪ್ಪಲಿಲ್ಲ. 1895ರಲ್ಲಿ ಕೊರ್ಟೆವೆಗ್ ಮತ್ತು ಡಿ ವ್ರೀಸ್ ಎಂಬ ಇಬ್ಬರು ಡಚ್ಚರು ಬರೆದ ಸಮೀಕರಣದಲ್ಲಿ ಅವನ ಅಲೆಗೆ ಸರಿಯಾದ ಲೆಕ್ಕ ಸಿಕ್ಕಿತು. ಅಷ್ಟು ಹೊತ್ತಿಗೆ ರಸೆಲ್ ತೀರಿಕೊಂಡಿದ್ದ.

"ಯಾಕೆ ಕರಗೋದಿಲ್ಲ?" ಎಂದು ಕೇಳಿದವನು ಐದನೇ ಕ್ಲಾಸಿನವನು.

ಆಳವಿಲ್ಲದ ನೀರಿನಲ್ಲಿ ಅಲೆಯ ಎತ್ತರದ ಭಾಗ ಬೇಗ ಓಡುತ್ತದೆ, ತಗ್ಗಿನ ಭಾಗ ನಿಧಾನ. ಅದೊಂದೇ ಆದರೆ ನೆತ್ತಿ ಮುಂದಕ್ಕೆ ವಾಲಿ, ಸಮುದ್ರದ ದಡದಲ್ಲಿ ಆಗುವಂತೆ, ಅಲೆ ಮುರಿದು ಬೀಳಬೇಕು. ಇನ್ನೊಂದು ಕಡೆ, ಯಾವ ಉಬ್ಬೇ ಆದರೂ ಉದ್ದ ಗಿಡ್ಡ ಅಲೆಗಳ ಮಿಶ್ರಣ. ಅವು ಬೇರೆ ಬೇರೆ ವೇಗದಲ್ಲಿ ಹೋಗಿ ಚದುರಿಹೋಗಬೇಕು. ಒಂದು ಗುಣ ಅಲೆಯನ್ನು ಚೂಪು ಮಾಡುತ್ತದೆ, ಇನ್ನೊಂದು ಹರಡುತ್ತದೆ. ಎರಡೂ ಸರಿಸಮ ತೂಗಿದಾಗ ಉಬ್ಬು ಹಾಗೇ ಉಳಿಯುತ್ತದೆ. ವೇಗಕ್ಕೂ ಸರಳ ಲೆಕ್ಕವಿದೆ. ನೀರಿನ ಆಳಕ್ಕೆ ಉಬ್ಬಿನ ಎತ್ತರ ಕೂಡಿಸಿ, 9.8ರಿಂದ ಗುಣಿಸಿ, ವರ್ಗಮೂಲ ತೆಗೆಯಬೇಕು. ನಮ್ಮ ಕಾಲುವೆಯಲ್ಲಿ ಆಳ 20 ಸೆಂಟಿಮೀಟರ್, ಉಬ್ಬು 5 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಒಂದೂವರೆ ಮೀಟರಿನ ಮೇಲೆ ಚೂರು. ನನ್ನ ಬಿರುಸಿನ ನಡಿಗೆಗೆ ಅದು ತಾಳೆಯಾಯಿತು.

ಆಮೇಲೆ ಹುಡುಗ ಇನ್ನೊಂದು ಹಲಗೆ ಹಿಡಿದು ಕಾಲುವೆಯ ಆ ತುದಿಗೆ ಓಡಿದ. ಇಬ್ಬರೂ ಒಟ್ಟಿಗೆ ಅಲೆ ಬಿಟ್ಟರು. ಎರಡು ಉಬ್ಬು ನಡುವೆ ಎದುರಾದವು, ಒಂದು ಗಳಿಗೆ ನೀರು ಎತ್ತರಕ್ಕೆ ಏರಿತು, ಮರುಗಳಿಗೆ ಏನೂ ಆಗದವರ ಹಾಗೆ ತಮ್ಮ ತಮ್ಮ ದಾರಿ ಹಿಡಿದು ಹೊರಟವು. 1965ರಲ್ಲಿ ಅಮೆರಿಕದ ಜಬುಸ್ಕಿ ಮತ್ತು ಕ್ರಸ್ಕಲ್ ಕಂಪ್ಯೂಟರಿನಲ್ಲಿ ಕಂಡದ್ದು ಈ ಗುಣವನ್ನೇ. ಡಿಕ್ಕಿಯಾದರೂ ತನ್ನತನ ಬಿಡದ ಈ ಅಲೆ ಒಂದು ಕಣದ ಹಾಗೆ ನಡೆದುಕೊಳ್ಳುತ್ತದಲ್ಲ ಎಂದು ಎಲೆಕ್ಟ್ರಾನ್, ಪ್ರೋಟಾನ್ ಧಾಟಿಯಲ್ಲಿ ಅದಕ್ಕೆ ಸಾಲಿಟಾನ್ ಎಂದು ಹೆಸರಿಟ್ಟರು.

ಮಕ್ಕಳೇ, ಇದನ್ನು ನೀವು ಮಾಡುವುದಾದರೆ ಮೊಣಕಾಲಿಗಿಂತ ಕಡಿಮೆ ನೀರಿರುವ ಕಿರುಗಾಲುವೆಯಲ್ಲಿ, ದೊಡ್ಡವರು ಜೊತೆಯಲ್ಲಿದ್ದಾಗ ಮಾತ್ರ ಮಾಡಿ. ದೊಡ್ಡ ಕಾಲುವೆಯ ಹತ್ತಿರ ಹೋಗಬೇಡಿ.

ಅರಳಿಕಟ್ಟೆಯ ಹೆಣೆದ ಹಾವುಗಳು

ಶಿಕಾರಿಪುರದಿಂದ ಬಸ್ಸಿನಲ್ಲಿ ಶಿರಾಳಕೊಪ್ಪ, ಅಲ್ಲಿಂದ ಆಟೋದಲ್ಲಿ ಬಳ್ಳಿಗಾವಿ. ಕೇದಾರೇಶ್ವರ ದೇವಾಲಯದ ಕಂಬಗಳ ನುಣುಪು ನೋಡಿ, ಗಂಡಭೇರುಂಡದ ಎತ್ತರದ ಸ್ತಂಭದ ಕೆಳಗೆ ಫೋಟೋ ತೆಗೆಸಿಕೊಂಡೆವು. ಅಲ್ಲಮಪ್ರಭು ಹುಟ್ಟಿದ ಊರು ಇದು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಮುಂದಿನ ದಾರಿಯಲ್ಲಿ ಒಂದು ಅರಳಿಕಟ್ಟೆಯ ಮೇಲೆ ಕುಳಿತೆವು. ನಮ್ಮ ಕಡೆಯ ಎಲ್ಲ ಕಟ್ಟೆಗಳಂತೆ ಅಲ್ಲೂ ನಾಗರಕಲ್ಲುಗಳಿದ್ದವು. ಎರಡು ಹಾವು ಒಂದಕ್ಕೊಂದು ಹೆಣೆದುಕೊಂಡು ಮೇಲೆ ಹೆಡೆ ಎತ್ತಿದ ಕಲ್ಲು ನೀವೂ ನೋಡಿರುತ್ತೀರಿ. ಮೊಮ್ಮಗಳು ತಮ್ಮನನ್ನು ಕೇಳಿದಳು: "ತಲೆ ಎರಡೂ ಮೇಲೆ ಗಟ್ಟಿ, ಬಾಲ ಎರಡೂ ಕೆಳಗೆ ಗಟ್ಟಿ. ನಡುವಿನ ಹೆಣಿಗೆ ಬಿಚ್ಚೋದಕ್ಕೆ ಆಗುತ್ತಾ?" ಅವನು ಕಲ್ಲನ್ನು ಸುತ್ತಿ ಬಂದು, "ಬಾಲ ಬಿಡಿಸದೆ ಆಗೋದಿಲ್ಲ" ಎಂದ.

ಅವಳು ತನ್ನ ದುಪಟ್ಟಾದ ಒಂದು ತುದಿ ಅವನಿಗೆ, ಇನ್ನೊಂದು ನನಗೆ ಕೊಟ್ಟು ಬಿಗಿಯಾಗಿ ಹಿಡಿಯಿರಿ ಎಂದಳು. ನನ್ನ ತುದಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಳು. ಈಗ ನನ್ನ ಕೈಯಲ್ಲಿ ಬಟ್ಟೆ ಸಪಾಟು, ಹುಡುಗನ ಕೈಯಲ್ಲೂ ಸಪಾಟು, ನಡುವೆ ಒಂದು ತಿರುಚು. ಅದನ್ನು ಬೆರಳಿನಿಂದ ದಬ್ಬಿದರೆ ನನ್ನ ಕಡೆ ಬರುತ್ತದೆ, ಅವನ ಕಡೆ ಹೋಗುತ್ತದೆ. ತುದಿಗಳನ್ನು ಬಿಡದೆ, ತಿರುಗಿಸದೆ ಎಷ್ಟು ಅಲುಗಿಸಿದರೂ ಹೋಗುವುದಿಲ್ಲ.

"ಕಾಲುವೆಯ ಅಲೆ ಉಳಿದದ್ದು ತಕ್ಕಡಿ ಸರಿತೂಗಿದ್ದರಿಂದ. ಇದು ಉಳಿಯೋದು ಗಂಟಿನಿಂದ. ನಾನು ಓದೋ ಸಾಲಿಟಾನುಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು" ಎಂದಳು.

ಹಾಗಾದರೆ ಬಟ್ಟೆಯ ಜಾಗದಲ್ಲಿ ಏನು ಎಂದು ಕೇಳಿದೆ. ಅದಕ್ಕೆ ಉತ್ತರ ಕ್ಷೇತ್ರ. ವಿಜ್ಞಾನದಲ್ಲಿ ಕ್ಷೇತ್ರ ಎಂದರೆ, ಜಾಗದ ಪ್ರತಿಯೊಂದು ಚುಕ್ಕೆಯಲ್ಲೂ ಒಂದು ಬೆಲೆ ಇರುವಂಥದ್ದು. ಹವಾಮಾನದ ನಕ್ಷೆಯಲ್ಲಿ ಒಂದೊಂದು ಊರಿಗೂ ಒಂದೊಂದು ಉಷ್ಣತೆ ಬರೆದಿರುತ್ತಾರಲ್ಲ, ಹಾಗೆ. ಜಗತ್ತೆಲ್ಲ ಇಂಥ ಕ್ಷೇತ್ರಗಳಿಂದ ತುಂಬಿದೆ, ಎಲೆಕ್ಟ್ರಾನಿನಂಥ ಕಣಗಳು ಆ ಕ್ಷೇತ್ರದ ಪುಟ್ಟ ಕಂಪನಗಳು ಎನ್ನುವುದು ಕ್ವಾಂಟಂ ಕ್ಷೇತ್ರ ಸಿದ್ಧಾಂತ. ಕಂಪನವಲ್ಲದೆ, ಕ್ಷೇತ್ರವೇ ಒಂದು ಕಡೆ ತಿರುಚಿಕೊಂಡು ಕುಳಿತರೆ ಅದೂ ಒಂದು ಕಣದ ಹಾಗೆ ಭಾರವಾಗಿ, ಅಖಂಡವಾಗಿ ಓಡಾಡುತ್ತದೆ. ಅದೇ ಸಾಲಿಟಾನ್.

ಕ್ವಾಂಟಂ ಲೋಕದಲ್ಲಿ ಯಾವುದೂ ಪೂರ್ತಿ ಸುಮ್ಮನಿರುವುದಿಲ್ಲ, ಎಲ್ಲವೂ ಸದಾ ನಡುಗುತ್ತಿರುತ್ತದೆ. ಆ ನಡುಕದಲ್ಲಿ ತಿರುಚು ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಹೋಗುವುದಿಲ್ಲವೇ? ಇದು ನನ್ನ ಪ್ರಶ್ನೆ. ಹೋಗುವುದಿಲ್ಲ, ಏಕೆಂದರೆ ತಿರುಚು ಪೂರ್ಣಾಂಕ. ಒಂದು ಸುತ್ತು, ಎರಡು ಸುತ್ತು ಉಂಟು. ಎರಡೂ ತುದಿ ಸಪಾಟಾಗಿದ್ದರೆ ಒಂದೂಕಾಲು ಸುತ್ತು ಎಂಬುದಿಲ್ಲ. ಈ ಮಾತು ನನಗೆ ಥಟ್ಟನೆ ಹಿಡಿಯಿತು. ನಮ್ಮ ಕಾಲದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. 17ನೇ ಟೋಕನ್ ಉಂಟು, 18ನೆಯದೂ ಉಂಟು, ಹದಿನೇಳೂವರೆ ಇಲ್ಲ. ರೂಪಾಯಿ ಪೈಸೆ ಪೈಸೆಯಾಗಿ ಸೋರಬಹುದು, ಟೋಕನ್ ಸೋರಲಾರದು.

ಎದುರು ದಿಕ್ಕಿಗೆ ತಿರುಚಿದ ಇನ್ನೊಂದು ಸುತ್ತನ್ನೂ ಬಟ್ಟೆಗೆ ಹಾಕಿ ತೋರಿಸಿದಳು. ಎರಡನ್ನೂ ಹತ್ತಿರ ತಂದಾಗ ಎರಡೂ ಮಾಯವಾಗಿ ಬಟ್ಟೆ ಸಪಾಟಾಯಿತು. ಜಮಾ ಒಂದು, ಖರ್ಚು ಒಂದು, ಬಾಕಿ ಸೊನ್ನೆ. ಕಣವೂ ಪ್ರತಿಕಣವೂ ಕೂಡಿ ಅಳಿಯುವುದು ಹೀಗೆಯೇ ಅಂತೆ.

ಇಂಗ್ಲೆಂಡಿನ ಟೋನಿ ಸ್ಕಿರ್ಮ್ 1961-62ರಲ್ಲಿ ಒಂದು ಧೈರ್ಯದ ಮಾತು ಹೇಳಿದ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಮೆಸಾನ್ ಕ್ಷೇತ್ರದ ತಿರುಚುಗಳೆಂದು ಎಣಿಸಬಹುದು, ಸುತ್ತುಗಳ ಸಂಖ್ಯೆಯೇ ಅವುಗಳ ಸಂಖ್ಯೆ ಎಂದು. ಆಗ ಹೆಚ್ಚಿನವರು ಗಮನ ಕೊಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. 1974ರಲ್ಲಿ ನೆದರ್ಲೆಂಡ್ಸಿನ ಗೆರಾರ್ಡ್ ಟ್ ಹೋಫ್ಟ್, ರಷ್ಯದ ಪೊಲ್ಯಾಕೊವ್ ಇಬ್ಬರೂ ಬೇರೆ ಬೇರೆಯಾಗಿ ಇನ್ನೊಂದು ಸಾಲಿಟಾನನ್ನು ಲೆಕ್ಕದಲ್ಲಿ ಕಂಡರು. ಅದು ಉತ್ತರವೋ ದಕ್ಷಿಣವೋ ಒಂದೇ ಧ್ರುವವಿರುವ ಅಯಸ್ಕಾಂತ. ಅದನ್ನು ನಿಜವಾಗಿ ಇಂದಿನವರೆಗೂ ಯಾರೂ ಹಿಡಿದಿಲ್ಲ.

"ಇದೆಲ್ಲ ಸ್ಕಾಟ್ಲೆಂಡು, ಹಾಲೆಂಡು ಆಯಿತು. ನಮ್ಮ ಕಡೆ?" ಎಂದೆ. ಅವಳು ಚೀಲದಿಂದ ಲೈಬ್ರರಿಯ ಒಂದು ಹಳೇ ಪುಸ್ತಕ ತೆಗೆದಳು. ಹೆಸರೇ 'ಸಾಲಿಟಾನ್ಸ್ ಆ್ಯಂಡ್ ಇನ್‌ಸ್ಟಾಂಟಾನ್ಸ್'. ಬರೆದವರು ಆರ್. ರಾಜಾರಾಮನ್. 1982ರಲ್ಲಿ ಅದು ಪ್ರಕಟವಾದಾಗ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಪ್ರಾಧ್ಯಾಪಕರು. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಈ ವಿಷಯ ಕಲಿತದ್ದು ಆ ಪುಸ್ತಕದಿಂದ. ನಾನು ಪುಟ ತಿರುವಿದೆ. ಒಂದು ಸಾಲೂ ಅರ್ಥವಾಗಲಿಲ್ಲ. ಆದರೆ ಅಂಚಿನಲ್ಲೆಲ್ಲ ಮೊಮ್ಮಗಳ ಪುಟ್ಟ ಅಕ್ಷರದ ಚೀಟಿಗಳು ಇದ್ದವು. ದಿನವಹಿ ಬರೆಯುವವನ ಶಿಸ್ತು ಏನೆಂದು ಗುಮಾಸ್ತನಿಗೆ ಗೊತ್ತಾಗುತ್ತದೆ.

ತಾಳಗುಂದದ ಕಂಬ

ಬಳ್ಳಿಗಾವಿಗೆ ಹತ್ತಿರದಲ್ಲೇ ತಾಳಗುಂದ. ಪ್ರಣವೇಶ್ವರ ದೇವಾಲಯದ ಮುಂದಿನ ಶಿಲಾಸ್ತಂಭದ ಮೇಲೆ ಕದಂಬರ ಕಥೆ ಇದೆ. ಕ್ರಿ.ಶ. 450ರ ಸುಮಾರಿನದು. ಕಾವ್ಯ ಬರೆದ ಕುಬ್ಜ ಎಂಬ ಕವಿಯೇ ತನ್ನ ಕೈಯಿಂದ ಕಲ್ಲಿನಲ್ಲಿ ಕೆತ್ತಿದನಂತೆ. ಇದೇ ಊರಿನ ಮಯೂರಶರ್ಮ ಹೆಚ್ಚಿನ ಓದಿಗಾಗಿ ದೂರದ ಕಂಚಿಯ ಘಟಿಕೆಗೆ ಹೋದದ್ದನ್ನು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದನ್ನು ಆ ಶಾಸನ ಹೇಳುತ್ತದೆ.

ಓದಲು ಹೊರಟಾಗ ಅವನ ಜೊತೆಗೆ ಗುರು ವೀರಶರ್ಮ ಇದ್ದ. ಆ ವೀರಶರ್ಮ ಅವನ ಅಜ್ಜನೂ ಹೌದು ಎನ್ನುತ್ತಾರೆ ಇತಿಹಾಸಕಾರರು. ಮೊಮ್ಮಗಳು ನನ್ನ ಮುಖ ನೋಡಿ ನಕ್ಕಳು. ನಾನೇನೂ ಹೇಳಲಿಲ್ಲ. ಇಲ್ಲಿಂದ ಕಂಚಿಗೆ ನಡೆದು ಹೋಗಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕುತ್ತಿದ್ದೆ.

ನೀರಿನಲ್ಲಿ ತಲೆಕೆಳಗಾದ ಗುಡ್ಡ

ಸೊರಬ ಇನ್ನೂ ಸ್ವಲ್ಪ ದೂರವಿರುವಾಗ ಸಂಜೆಯಾಯಿತು. ರಸ್ತೆ ಪಕ್ಕದ ಕೆರೆ ಏರಿಯ ಮೇಲೆ ಕುಳಿತೆವು. ಗಾಳಿ ಇರಲಿಲ್ಲ. ಆಚೆ ದಡದ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು.

ಉಳಿದದ್ದು ಇನ್‌ಸ್ಟಾಂಟಾನ್. "ಗುಡ್ಡದ ಈ ಕಡೆ ಒಂದು ತಗ್ಗು, ಆ ಕಡೆ ಒಂದು ತಗ್ಗು. ಈ ಕಡೆ ತಗ್ಗಿನಲ್ಲಿ ಒಂದು ಗೋಲಿ ಇದೆ. ಗುಡ್ಡ ಹತ್ತೋ ಶಕ್ತಿ ಅದಕ್ಕಿಲ್ಲ. ಆ ಕಡೆ ಹೋಗಬಹುದಾ?" ಎಂದು ತಮ್ಮನನ್ನು ಕೇಳಿದಳು. ಯಾರಾದರೂ ಎತ್ತಿ ಹಾಕಬೇಕು ಎಂದ ಅವನು. ನಮ್ಮ ಗೋಲಿಗೆ ಅದು ಸರಿ. ಅಣುವಿನ ಒಳಗಿನ ಲೋಕದಲ್ಲಿ ಮಾತ್ರ, ಹತ್ತುವ ಶಕ್ತಿ ಇಲ್ಲದಿದ್ದರೂ ಗೋಲಿ ಒಂದಲ್ಲ ಒಂದು ಸಲ ಆ ಕಡೆ ಸಿಗುವ ಸಾಧ್ಯತೆ ಇದೆ. ಗುಡ್ಡ ಎತ್ತರವೂ ದಪ್ಪವೂ ಆದಷ್ಟು ಆ ಸಾಧ್ಯತೆ ಬಹು ಬೇಗ ಕುಗ್ಗುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ಯೂರಿಯಾ ತಯಾರಿಸಲು ಬಳಸುವ ಅಮೋನಿಯಾ ಗೊತ್ತಲ್ಲ? ಅದರ ಒಂದು ನೈಟ್ರೋಜನ್ ಪರಮಾಣು, ಮೂರು ಹೈಡ್ರೋಜನ್‌ಗಳ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೀಗೆ ದಾಟುತ್ತಲೇ ಇರುತ್ತದೆ, ಸೆಕೆಂಡಿಗೆ ಸುಮಾರು 2,400 ಕೋಟಿ ಸಲ. ಸೂರ್ಯ ಉರಿಯುವುದಕ್ಕೂ ಇಂಥ ದಾಟುವಿಕೆಯೇ ಬೇಕು.

ದಾಟುವ ಸಾಧ್ಯತೆಯನ್ನು ಎಣಿಸುವುದು ಹೇಗೆ? ಇಲ್ಲಿ ಗಣಿತದವರು ಒಂದು ಉಪಾಯ ಮಾಡುತ್ತಾರೆ. ಲೆಕ್ಕದಲ್ಲಿ ಕಾಲವನ್ನು, ವರ್ಗ ಮಾಡಿದರೆ ಮೈನಸ್ ಒಂದು ಬರುವ ಕಾಲ್ಪನಿಕ ಸಂಖ್ಯೆಯಿಂದ ಗುಣಿಸುತ್ತಾರೆ. ಚಲನೆಯ ಸಮೀಕರಣದಲ್ಲಿ ಕಾಲ ಎರಡು ಸಲ ಬರುವುದರಿಂದ ಒಂದು ಮೈನಸ್ ಚಿಹ್ನೆ ಹುಟ್ಟುತ್ತದೆ. ಏರಿದ್ದದ್ದು ಇಳಿಯುತ್ತದೆ, ತಗ್ಗು ದಿಣ್ಣೆಯಾಗುತ್ತದೆ. ಅವಳು ಕೆರೆಯ ಕಡೆ ಕೈ ತೋರಿಸಿ, "ನೀರಿನಲ್ಲಿರೋ ಗುಡ್ಡ ನೋಡು" ಎಂದಳು. ನೀರಿನೊಳಗೆ ಗುಡ್ಡವೇ ಹಳ್ಳವಾಗಿತ್ತು, ಅದರ ಅಕ್ಕಪಕ್ಕದ ತಗ್ಗುಗಳು ಎರಡು ದಿಣ್ಣೆಗಳಾಗಿದ್ದವು. ಅಲ್ಲಿ ಗೋಲಿಗೆ ಏನು ಕಷ್ಟ? ಒಂದು ದಿಣ್ಣೆಯ ಮೇಲೆ ಬಹಳ ಹೊತ್ತು ಇದ್ದು, ಒಮ್ಮೆ ಜಾರಿ, ಹಳ್ಳ ದಾಟಿ, ಎದುರಿನ ದಿಣ್ಣೆ ಏರಿ ನಿಲ್ಲುತ್ತದೆ. ಆ ಜಾರುವ ದಾರಿಯೇ ಇನ್‌ಸ್ಟಾಂಟಾನ್. ಅದು ಕಣ್ಣಿಗೆ ಕಾಣುವ ವಸ್ತುವಲ್ಲ, ಲೆಕ್ಕದಲ್ಲಿ ಸಿಗುವ ದಾರಿ. ಬಹಳ ಹೊತ್ತಿನ ನಡುವೆ ಒಂದು ಕ್ಷಣದ ಘಟನೆ ಆದ್ದರಿಂದ, ಇಂಗ್ಲಿಷಿನಲ್ಲಿ ಕ್ಷಣಕ್ಕಿರುವ ಮಾತಿನಿಂದಲೇ ಟ್ ಹೋಫ್ಟ್ ಈ ಹೆಸರು ಮಾಡಿದರು.

1975ರಲ್ಲಿ ಬೆಲಾವಿನ್, ಪೊಲ್ಯಾಕೊವ್, ಶ್ವಾರ್ಟ್ಸ್, ತ್ಯುಪ್ಕಿನ್ ಎಂಬ ನಾಲ್ವರು ರಷ್ಯನ್ನರು ಪರಮಾಣುವಿನ ಬೀಜವನ್ನು ಹಿಡಿದಿಟ್ಟಿರುವ ಬಲದ ಕ್ಷೇತ್ರಕ್ಕೂ ಇಂಥ ದಾರಿಗಳಿವೆ ಎಂದು ತೋರಿಸಿದರು. ಆ ಕ್ಷೇತ್ರಕ್ಕೆ ಎರಡೇ ತಗ್ಗುಗಳಲ್ಲ, ಸಾಲು ಸಾಲು ತಗ್ಗುಗಳು. ಪ್ರತಿಯೊಂದಕ್ಕೂ ತಿರುಚಿನ ಒಂದು ಪೂರ್ಣಾಂಕ. ಇನ್‌ಸ್ಟಾಂಟಾನ್ ಎಂದರೆ ಒಂದು ಟೋಕನ್ ನಂಬರಿನಿಂದ ಮುಂದಿನ ನಂಬರಿಗೆ ದಾಟುವುದು. ಈಟಾ ಪ್ರೈಮ್ ಎಂಬ ಕಣ ಎಣಿಸಿದ್ದಕ್ಕಿಂತ ಯಾಕೆ ಅಷ್ಟು ಭಾರ ಎಂಬ ಒಗಟಿಗೆ 1976ರಲ್ಲಿ ಟ್ ಹೋಫ್ಟ್ ಇದರಿಂದಲೇ ಉತ್ತರ ಕಂಡುಕೊಂಡರು.

ಕೊನೆಗೆ ಅವಳು ಮಣ್ಣಿನ ಮೇಲೆ ಕಡ್ಡಿಯಿಂದ ಒಂದು ಗೆರೆ ಎಳೆದಳು. ಕೆಳಗೆ ಸಪಾಟಾಗಿ ಬಂದು, ನಡುವೆ ಒಮ್ಮೆ ಮೇಲೇರಿ, ಮತ್ತೆ ಸಪಾಟಾಗುವ ಗೆರೆ. "ಇದನ್ನ ಜಾಗದ ಉದ್ದಕ್ಕೆ ಓದಿದರೆ ಸಾಲಿಟಾನ್, ಕಾಲದ ಉದ್ದಕ್ಕೆ ಓದಿದರೆ ಇನ್‌ಸ್ಟಾಂಟಾನ್. ಗಣಿತ ಒಂದೇ ಅಜ್ಜ" ಎಂದಳು. ಅದಕ್ಕೇ ಆ ಪುಸ್ತಕದ ರಟ್ಟಿನ ಮೇಲೆ ಎರಡು ಹೆಸರೂ ಜೊತೆಗಿದ್ದದ್ದು.

ಮನೆಯಲ್ಲಿ

ನೀವು ಈ ದಾರಿಯಲ್ಲಿ ಹೋಗುವುದಾದರೆ ಒಂದು ದಿನ ಸಾಲದು. ಎರಡು ದಿನ ಇಟ್ಟುಕೊಳ್ಳಿ. ಸೊರಬದಲ್ಲಿ ಗುಡಿಗಾರರ ಗಂಧದ ಕೆತ್ತನೆ, ಚಂದ್ರಗುತ್ತಿಯ ರೇಣುಕಾಂಬೆ, ಮಳೆಗಾಲದಲ್ಲಾದರೆ ಗುಡವಿಯ ಹಕ್ಕಿಗಳು, ಆನವಟ್ಟಿ ಹತ್ತಿರ ಕುಬಟೂರಿನ ಕೈಟಭೇಶ್ವರ, ಎಲ್ಲವೂ ಇವೆ. ನಮಗೆ ಅವನ್ನು ನೋಡಲು ಹೊತ್ತಾಗಲಿಲ್ಲ. ರಾತ್ರಿ ಬಸ್ಸಿನಲ್ಲಿ ಹುಡುಗ ನನ್ನ ತೊಡೆಯ ಮೇಲೆ ನಿದ್ದೆಹೋದ.

ಮಾರನೇ ದಿನ ಮಗ ಬಂದು, "ಬುದ್ಧಿ ಹೇಳಿದ್ರಾ?" ಎಂದು ಕೇಳಿದ. ನಾನು ಲೆಕ್ಕದವನ ಭಾಷೆಯಲ್ಲೇ ಹೇಳಿದೆ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಪಾಸಾಗಿ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಯಿಂದ ದುಡ್ಡು ಕೇಳಬೇಕಿಲ್ಲ. ಪಾಸಾಗದಿದ್ದರೆ ಆಗ ಕೆಲಸ ಹುಡುಕಿದರಾಯಿತು, ಒಂದು ವರ್ಷದ ಮಾತು. ಇನ್ನು ಯಾರಿಗೂ ತಿಳಿಸಿ ಹೇಳಲಾಗದ ವಿದ್ಯೆ ಎಂಬ ನಿನ್ನ ಆಕ್ಷೇಪಣೆ. ಅದು ತಾಳೆಯಾಗುವುದಿಲ್ಲ, ನನಗೆ ತಿಳಿದಿದೆ.

"ನಿಮಗೆ ತಿಳೀತಾ? ಹಾಗಾದ್ರೆ ಹೇಳಿ ನೋಡೋಣ" ಎಂದ, ಅರ್ಧ ನಗುತ್ತ. ಹೆಗಲ ಮೇಲಿನ ಟವೆಲು ತೆಗೆದು ಒಂದು ತುದಿಯನ್ನು ಅವನ ಕೈಗೆ ಕೊಟ್ಟೆ. ಗಟ್ಟಿಯಾಗಿ ಹಿಡ್ಕೋ ಎಂದೆ.